ಪುಡಿ ಮತ್ತು ಲೇಪ: ಸಾಲೋಟಗಿ ಸೀಮೆಯ ಗಾಯದ ಮದ್ದು ಹಾಗೂ ಪೇಟೆಂಟು ವಿವಾದಗಳ ಚರಿತ್ರೆ

ಇಂಡಿ ತಾಲೂಕಿನ ಸಾಲೋಟಗಿಯ ಹೆಸರು ಚರಿತ್ರೆಯ ಅಭ್ಯಾಸಿಗಳಿಗೆ ಪರಿಚಿತವಾಗಿರುವುದು ಅಲ್ಲಿಯ ಸ್ತಂಭಶಾಸನದಿಂದ. ಶಕವರ್ಷ 867ರ, ಅಂದರೆ ಕ್ರಿ.ಶ. 945ರ ಈ ಶಾಸನವು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲಕ್ಕೆ ಸೇರಿದ್ದು. ಆತನ ಮಂತ್ರಿ ನಾರಾಯಣನು ಪಾವಿಟ್ಟಗೆ ಎಂಬ ಗ್ರಾಮದಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನೆಂದೂ, ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿ ನೆಲೆಸಿದ್ದರೆಂದೂ, ಅವರ ವಸತಿಗಾಗಿ 27 ಮನೆಗಳಿದ್ದುವೆಂದೂ ಅದರಿಂದ ತಿಳಿದುಬರುತ್ತದೆ. ಊರವರು ಮದುವೆಗೆ ಐದು, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂವರೆ ನಾಣ್ಯದಂತೆ ಶಾಲೆಗೆ ಸಲ್ಲಿಸಬೇಕಾಗಿದ್ದಿತು. ಶಾಲೆಯುಳ್ಳ ಪಾವಿಟ್ಟಗೆಯೇ ಸಾಲೋಟಗಿಯಾಯಿತೆಂದು ವಿದ್ವಾಂಸರು ಊಹಿಸಿದ್ದಾರೆ. ‘ಎಪಿಗ್ರಾಫಿಯಾ ಇಂಡಿಕಾ’ದ ನಾಲ್ಕನೆಯ ಸಂಪುಟದಲ್ಲಿ ಪ್ರಕಟವಾದ ಮೇಲೆ ಈ ಊರು ಪ್ರಾಚೀನ ಕರ್ನಾಟಕದ ವಿದ್ಯಾಕೇಂದ್ರಗಳನ್ನು ಕುರಿತ ಪ್ರತಿಯೊಂದು ಗ್ರಂಥದಲ್ಲಿಯೂ ಸ್ಥಾನ ಪಡೆಯಿತು.

ಕಲ್ಲಿನಲ್ಲಿ ಬರೆದದ್ದು ಸಾವಿರ ವರ್ಷಗಳ ಅನಂತರವೂ ಸಾಕ್ಷಿಯಾಗಿ ನಿಲ್ಲುತ್ತದೆ. ಮದುವೆಯ ಐದು ನಾಣ್ಯದ ಲೆಕ್ಕ ಉಳಿದುಬಂದಿತು. ಅದೇ ಮದುವೆಯಲ್ಲಿ ಅರಿಷಿಣ ಅರೆದ ಕೈಗಳ ತಿಳಿವಳಿಕೆಯನ್ನು ಯಾವ ಶಾಸನವೂ ಹೇಳಲಿಲ್ಲ, ಹೇಳುವ ಅಗತ್ಯವೂ ಯಾರಿಗೂ ಕಾಣಲಿಲ್ಲ. ಈ ಅಂತರವು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ, ಸಾಲೋಟಗಿಯಿಂದ ಬಹುದೂರದ ಅಮೆರಿಕೆಯ ಒಂದು ಕಚೇರಿಯಲ್ಲಿ, ಕಾನೂನಿನ ಪ್ರಶ್ನೆಯಾಗಿ ಎದ್ದುನಿಂತಿತು. ಗಾಯಕ್ಕೆ ಹಚ್ಚುವ ಸೂಕ್ಷ್ಮಜೀವಿನಿರೋಧಕ ವಸ್ತುವೊಂದು ಹೊಸ ಶೋಧವೋ ಅಥವಾ ತಿಳಿದವರಿಗೆ ತಾನಾಗಿ ಹೊಳೆಯುವಂಥದೋ ಎಂಬ ವಿವಾದದಲ್ಲಿ ಮೌಖಿಕ ತಿಳಿವಳಿಕೆಗೆ ಸಾಕ್ಷಿಯ ಬೆಲೆ ಎಷ್ಟು ದೊರೆಯಿತು ಎಂಬುದನ್ನು ಜಾನಪದ ಅಧ್ಯಯನದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಈ ಸೀಮೆಯ ರೂಢಿಯನ್ನು ನೋಡಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಎರೆಹೊಲದ ಬದುಕಿನಲ್ಲಿ ಗಾಯವೆಂಬುದು ದಿನನಿತ್ಯದ ಸಂಗತಿ. ಕುಡಗೋಲು ತಾಗಿ ಬೆರಳು ಕೊಯ್ದರೆ ಒಣ ಅರಿಷಿಣದ ಪುಡಿಯನ್ನು ಒತ್ತಿ ಹಳೆಯ ಸೀರೆಯ ಅಂಚು ಹರಿದು ಕಟ್ಟುತ್ತಾರೆ. ಪೆಟ್ಟು ಬಿದ್ದು ಬಾತರೆ ಅರಿಷಿಣಕ್ಕೆ ಸುಣ್ಣ ಬೆರೆಸಿ, ಕೆಂಪಾದ ಮೇಲೆ ಬಿಸಿಮಾಡಿ ಬಳಿಯುತ್ತಾರೆ. ಎತ್ತಿನ ಹೆಗಲು ನೊಗ ತಿಕ್ಕಿ ಹುಣ್ಣಾದಾಗ ಕುಸುಬಿ ಎಣ್ಣೆಯಲ್ಲಿ ಅರಿಷಿಣ ಕಲಸಿ ಹಚ್ಚುವುದುಂಟು. ಬಾಣಂತಿಯ ನೀರಿಗೆ ಬೇವಿನ ತಪ್ಪಲು ಬೀಳುತ್ತದೆ. ಸಿಡುಬಿನ ಕಾಲದಲ್ಲಿ ರೋಗಿಯ ಹಾಸಿಗೆಗೂ ಬಾಗಿಲಿಗೂ ಬೇವೇ. ಇವೆಲ್ಲಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದದ್ದು ಕಿವಿ ಚುಚ್ಚುವ ಪದ್ಧತಿ. ಪತ್ತಾರನು ಕೂಸಿನ ಕಿವಿ ಚುಚ್ಚಿಹೋದ ಮೇಲೆ ತೂತು ಮುಚ್ಚಿಕೊಳ್ಳದಂತೆಯೂ ಕೀವಾಗದಂತೆಯೂ ಎಣ್ಣೆ-ಅರಿಷಿಣದಲ್ಲಿ ಅದ್ದಿದ ಬೇವಿನ ಕಡ್ಡಿಯನ್ನು ಅದರಲ್ಲಿ ಇರಿಸುತ್ತಾರೆ. ದೇಹದೊಳಗೆ ಕೆಲದಿನ ಉಳಿಯುವ ಒಂದು ಸಾಧನ, ಅದು ಸ್ವತಃ ಕೀವನ್ನು ತಡೆಯುವ ವಸ್ತುವಿನಿಂದ ಮಾಡಿದ್ದು, ಮೇಲೆ ಮತ್ತೊಂದು ಲೇಪ. ಇಂದಿನ ಆಸ್ಪತ್ರೆಗಳಲ್ಲಿ ಬಳಸುವ, ಔಷಧಿ ಲೇಪಿಸಿದ ಕೊಳವೆಗಳ ಮತ್ತು ಹೊಲಿಗೆಯ ದಾರಗಳ ಹಿಂದಿರುವ ಆಲೋಚನೆಯೂ ಇದೇ ಜಾಡಿನದು.

ಒಣಪುಡಿಯ ಮಾತು ಬಂದಾಗ ಭಂಡಾರವನ್ನು ಬಿಟ್ಟು ಮುಂದುವರಿಯುವಂತಿಲ್ಲ. ಬೀರಪ್ಪ, ಮಾಳಿಂಗರಾಯ, ಮೈಲಾರಲಿಂಗರ ಭಕ್ತರಿಗೆ ಅರಿಷಿಣದ ಪುಡಿಯು ಭಂಡಾರ. ಅದು ಹಣೆಗೆ ಹಚ್ಚುವ ಪ್ರಸಾದ, ಪಲ್ಲಕ್ಕಿಯ ಮೇಲೆ ತೂರುವ ಕಾಣಿಕೆ. ಕುರಿಯ ಹಿಂದೆ ಅಡವಿ ತಿರುಗುವವನಿಗೆ ಗಾಯದ ಮದ್ದು. ಮೈಲಾರ ಸಂಪ್ರದಾಯದ ಜಾತ್ರೆಗಳಲ್ಲಿ ಕಂಚಾವೀರರು ಕಾಲಿನ ಮೀನಖಂಡಕ್ಕೆ ಗೂಟ ಚುಚ್ಚಿಕೊಳ್ಳುವ ಪವಾಡವನ್ನು ನಡೆಸುತ್ತಾರೆ. ಗಾಯಕ್ಕೆ ಅಲ್ಲಿ ಒತ್ತುವುದು ಭಂಡಾರವನ್ನು. ಭಕ್ತರು ಅದನ್ನು ದೇವರ ಮಹಿಮೆಯೆಂದು ಕಾಣುತ್ತಾರೆ, ಆ ನಂಬಿಕೆಯ ವಿಮರ್ಶೆ ಇಲ್ಲಿ ಅನವಶ್ಯಕ. ಸಾವಿರಾರು ಜನರ ಕಣ್ಣೆದುರಿಗೆ, ತೆರೆದ ಬಯಲಿನಲ್ಲಿ, ತೆರೆದ ಗಾಯಕ್ಕೆ ಅರಿಷಿಣದ ಪುಡಿಯು ಬೀಳುತ್ತದೆ ಎಂಬ ಸಂಗತಿಯಷ್ಟೇ ನಮಗೆ ಮುಖ್ಯ. ಇನ್ನೊಂದು ಕಡೆ ಮದುಮಕ್ಕಳಿಗೆ ಹಚ್ಚುವುದು ಅರೆದ, ಕಲಸಿದ ಅರಿಷಿಣ. ಪುಡಿಗೂ ಲೇಪಕ್ಕೂ ಇರುವ ಭೇದವನ್ನು ಈ ಸೀಮೆಯ ಭಾಷೆಯೇ ಹೆಸರಿಟ್ಟು ಗುರುತಿಸಿದೆ. ಮುಂದಿನ ಕಥೆಗೆ ಈ ಭೇದ ಬೇಕಾಗುತ್ತದೆ.

ಪೇಟೆಂಟು ಎಂಬುದು ಶೋಧಕನಿಗೆ ಸರಕಾರವು ನಿಯಮಿತ ಅವಧಿಗೆ ಕೊಡುವ ಏಕಸ್ವಾಮ್ಯ. ಅದನ್ನು ಪಡೆಯಲು ಶೋಧವು ನವೀನವಾಗಿರಬೇಕು, ಉಪಯುಕ್ತವಾಗಿರಬೇಕು. ಜೊತೆಗೆ ಆ ಕಸುಬಿನಲ್ಲಿ ಸಾಧಾರಣ ನೈಪುಣ್ಯವುಳ್ಳ ವ್ಯಕ್ತಿಗೆ ಸಹಜವಾಗಿ ಹೊಳೆಯುವಂಥದಾಗಿರಬಾರದು. ಈ ಕೊನೆಯ ಲಕ್ಷಣವನ್ನು ಇಲ್ಲಿ ‘ಸಹಜಗ್ರಾಹ್ಯತೆ’ ಎಂದು ಕರೆಯಲಾಗಿದೆ. ನವೀನತೆಯ ಪರೀಕ್ಷೆಯು ಸರಳ: ಇದೇ ವಸ್ತು ಮೊದಲು ಇತ್ತೇ ಇಲ್ಲವೇ. ಸಹಜಗ್ರಾಹ್ಯತೆಯ ಪರೀಕ್ಷೆ ಅಷ್ಟು ಸುಲಭದ್ದಲ್ಲ. ಅಲ್ಲಿ ಒಬ್ಬ ಕಲ್ಪಿತ ಕಸುಬುದಾರನನ್ನು ನಿಲ್ಲಿಸಿ, ಅವನಿಗೆ ಇದು ಹೊಳೆಯುತ್ತಿತ್ತೇ ಎಂದು ಕೇಳಬೇಕಾಗುತ್ತದೆ. ನಮ್ಮ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಬಿಶ್ವನಾಥ ಪ್ರಸಾದ ರಾಧೇಶ್ಯಾಮ ಮತ್ತು ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ನಡುವಣ ಮೊಕದ್ದಮೆಯಲ್ಲಿ ಈ ಪರೀಕ್ಷೆಯನ್ನು ವಿವರಿಸಿತು. ವಿವಾದವಿದ್ದುದು ಲೋಹದ ಪಾತ್ರೆ ತಯಾರಿಸುವ ವಿಧಾನದ ಬಗ್ಗೆ. ನ್ಯಾಯಾಲಯವು ತನ್ನ ಮುಂದೆ ಇರಿಸಿಕೊಂಡದ್ದು ಆ ಕಾಲದ ಸಾಮಾನ್ಯ ತಿಳಿವಳಿಕೆಯುಳ್ಳ ಸಮರ್ಥ ಕಸುಬುದಾರನನ್ನು. ಗಾಯದ ಮದ್ದಿನ ವಿಷಯದಲ್ಲಿ ಆ ಕಸುಬುದಾರನು ಯಾರು? ಪ್ರಯೋಗಾಲಯದ ವೈದ್ಯನೇ, ಸೂಲಗಿತ್ತಿಯೇ, ಭಂಡಾರದ ಚೀಲ ಹೊತ್ತ ಕುರುಬನೇ? ಕಾನೂನಿನ ಗ್ರಂಥಗಳು ಈ ಪ್ರಶ್ನೆಯನ್ನು ಹೀಗೆ ಕೇಳಿಕೊಳ್ಳುವುದು ವಿರಳ.

1993ರ ಡಿಸೆಂಬರಿನಲ್ಲಿ ಅಮೆರಿಕೆಯ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ ಇಬ್ಬರು ಸಂಶೋಧಕರು, ಸುಮನ್ ದಾಸ್ ಮತ್ತು ಹರಿಹರ್ ಕೊಹ್ಲಿ, ಗಾಯ ಮಾಯಿಸಲು ಅರಿಷಿಣದ ಪುಡಿಯ ಬಳಕೆಯ ಬಗ್ಗೆ ಅರ್ಜಿ ಸಲ್ಲಿಸಿದರು. ಇಬ್ಬರೂ ಭಾರತೀಯ ಮೂಲದವರು. 1995ರ ಮಾರ್ಚ್ 28ರಂದು 5,401,504 ಸಂಖ್ಯೆಯ ಪೇಟೆಂಟು ಮಂಜೂರಾಯಿತು. ಅದರಲ್ಲಿ ಆರು ಹಕ್ಕುಕೋರಿಕೆಗಳಿದ್ದುವು. ಮೊದಲನೆಯದರ ತಿರುಳು, ರೋಗಿಗೆ ತಕ್ಕ ಪ್ರಮಾಣದಲ್ಲಿ ಅರಿಷಿಣದ ಪುಡಿಯನ್ನು ಕೊಟ್ಟು ಗಾಯ ಮಾಯುವಂತೆ ಮಾಡುವ ವಿಧಾನ. ನಮ್ಮ ಸೀಮೆಯ ಯಾವ ಅಡುಗೆಮನೆಗಾದರೂ ಹೊಂದುವ ಮಾತಿದು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು, ಅಂದಿನ ಮಹಾನಿರ್ದೇಶಕ ಆರ್.ಎ. ಮಾಶೇಲ್ಕರ್ ಅವರ ನೇತೃತ್ವದಲ್ಲಿ, 1996ರ ಅಕ್ಟೋಬರಿನಲ್ಲಿ ಪೇಟೆಂಟಿನ ಮರುಪರೀಕ್ಷೆಗೆ ಅರ್ಜಿ ಹಾಕಿತು.

ಮರುಪರೀಕ್ಷೆಯಲ್ಲಿ ಪೇಟೆಂಟುದಾರರು ಮುಂದಿಟ್ಟ ಪ್ರತಿವಾದ ಅತ್ಯಂತ ಕುತೂಹಲಕರವಾದದ್ದು. ಪುಡಿಯೂ ಲೇಪವೂ ಭೌತಿಕ ಗುಣಗಳಲ್ಲಿ ಭಿನ್ನ. ದೇಹವು ಅವನ್ನು ಹೀರಿಕೊಳ್ಳುವ ಬಗೆಯೂ ಭಿನ್ನ. ಆದುದರಿಂದ ಲೇಪವು ಗಾಯಕ್ಕೆ ಒಳ್ಳೆಯದೆಂದು ತಿಳಿದ ಸಾಧಾರಣ ನಿಪುಣನಿಗೆ, ಅದೇ ವಸ್ತುವಿನ ಪುಡಿಯೂ ಆ ಕೆಲಸ ಮಾಡೀತೆಂದು ಖಚಿತವಾಗಿ ಹೊಳೆಯಲಾರದು ಎಂದು ಅವರು ವಾದಿಸಿದರು. ಬಾಯಿಂದ ಸೇವಿಸುವ ಅರಿಷಿಣದ ಉಲ್ಲೇಖಗಳಲ್ಲಿ ಜೇನುತುಪ್ಪವೂ ಕೂಡಿದೆ, ಜೇನಿಗೇ ಗಾಯ ಮಾಯಿಸುವ ಗುಣವಿದೆಯೆಂದೂ ಹೇಳಿದರು. ವಿವಾದವೆಲ್ಲ ಹೀಗೆ ಪುಡಿ ಮತ್ತು ಲೇಪಗಳ ನಡುವಿನ ಕಿರಿದಾದ ಜಾಗಕ್ಕೆ ಬಂದು ನಿಂತಿತು. ಕುಡಗೋಲಿನ ಗಾಯಕ್ಕೆ ಪುಡಿ, ಹೆಗಲ ಹುಣ್ಣಿಗೆ ಲೇಪ ಎಂದು ಬಲ್ಲ ರೈತಾಪಿ ಮನೆತನದ ಯಾರನ್ನು ಕೇಳಿದ್ದರೂ ವಾದ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹಾಗೆ ಕೇಳಲು ಕಾನೂನಿನಲ್ಲಿ ಅವಕಾಶವೇ ಇರಲಿಲ್ಲ.

ಅಂದಿನ ಅಮೆರಿಕೆಯ ಪೇಟೆಂಟು ಕಾಯಿದೆಯ ಪ್ರಕಾರ, ಆ ದೇಶದೊಳಗೆ ತಿಳಿದಿದ್ದ ಅಥವಾ ಬಳಕೆಯಲ್ಲಿದ್ದ ಸಂಗತಿಯು ಪೂರ್ವಜ್ಞಾನವೆಂದು ಪರಿಗಣಿತವಾಗುತ್ತಿತ್ತು. ಹೊರದೇಶದ್ದಾದರೆ ಅದು ಪೇಟೆಂಟಿನಲ್ಲಿಯೋ ಮುದ್ರಿತ ಪ್ರಕಟಣೆಯಲ್ಲಿಯೋ ಇರಬೇಕಾಗಿತ್ತು. ಸಾಲೋಟಗಿಯ ಮನೆಮನೆಯ ಬಳಕೆ, ಜಾತ್ರೆಯ ಭಂಡಾರ, ಇವು ಎಷ್ಟೇ ಬಹಿರಂಗವಾಗಿದ್ದರೂ ಆ ಕಚೇರಿಯ ದೃಷ್ಟಿಯಲ್ಲಿ ಇಲ್ಲದವು. ಆದುದರಿಂದಲೇ ಸಂಶೋಧನಾ ಮಂಡಳಿಯು 32 ಆಕರಗಳನ್ನು ಒಟ್ಟುಮಾಡಬೇಕಾಯಿತು. ಅವುಗಳಲ್ಲಿ ಕೆಲವು ನೂರು ವರ್ಷಗಳಿಗಿಂತ ಹಳೆಯವು. ಭಾಷೆಗಳು ಸಂಸ್ಕೃತ, ಉರ್ದು, ಹಿಂದಿ. ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಅಚ್ಚಾದ ಒಂದು ಲೇಖನವೂ ಅವುಗಳಲ್ಲಿತ್ತು. ಪರೀಕ್ಷಕರು 1997ರಲ್ಲಿ ಎಲ್ಲ ಹಕ್ಕುಕೋರಿಕೆಗಳನ್ನೂ ತಿರಸ್ಕರಿಸಿದರು. 1998ರ ಏಪ್ರಿಲ್ 21ರಂದು ರದ್ದತಿಯ ಪ್ರಮಾಣಪತ್ರ ಹೊರಬಿದ್ದಿತು. ಈ ಗೆಲುವನ್ನು ನಮ್ಮ ಪತ್ರಿಕೆಗಳು ಅಜ್ಜಿಯ ಮದ್ದಿನ ಗೆಲುವೆಂದು ಕೊಂಡಾಡಿದವು. ಅದು ಅಚ್ಚುಮೊಳೆಯ ಗೆಲುವಾಗಿತ್ತೆಂದು ಹೇಳುವುದೇ ಹೆಚ್ಚು ಸರಿ. ಹೊರದೇಶಗಳ ಬಹಿರಂಗ ಬಳಕೆಯನ್ನೂ ಪೂರ್ವಜ್ಞಾನವೆಂದು ಒಪ್ಪುವ ತಿದ್ದುಪಡಿಯನ್ನು ಅಮೆರಿಕೆ ಮಾಡಿದ್ದು 2011ರಲ್ಲಿ. ಅದು ಜಾರಿಗೆ ಬಂದದ್ದು 2013ರ ಮಾರ್ಚಿನಿಂದ.

ಪ್ರಮಾಣವನ್ನೋ ರೂಪವನ್ನೋ ಹಿಡಿದು ವಾದ ನಡೆಯುವುದು ಅರಿಷಿಣಕ್ಕೆ ಮಾತ್ರ ಸೀಮಿತವಲ್ಲ. ಬೆಳ್ಳಿಯನ್ನು ನಾರಿನಲ್ಲಿ ಸೇರಿಸಿದ ಗಾಯದ ಪಟ್ಟಿಗಳ ಬಗ್ಗೆ ಇಂಗ್ಲೆಂಡಿನಲ್ಲಿ ಕಾನ್ವಾಟೆಕ್ ಮತ್ತು ಸ್ಮಿತ್ ಅಂಡ್ ನೆಫ್ಯೂ ಸಂಸ್ಥೆಗಳ ನಡುವೆ ನಡೆದ ಮೊಕದ್ದಮೆಯಲ್ಲಿ, 2015ರ ಮೇಲ್ಮನವಿ ತೀರ್ಪಿನವರೆಗೂ ಚರ್ಚೆಯಾದದ್ದು ಶೇ. 1ರಿಂದ 25 ಎಂಬ ಮಾತಿನೊಳಗೆ ಶೇ. 0.77 ಸೇರುತ್ತದೆಯೇ ಎಂಬುದು. ಅಂಥ ಸೂಕ್ಷ್ಮಕ್ಕೆ ಹೋಲಿಸಿದರೆ ಪುಡಿ-ಲೇಪದ ವಾದ ಸರಳವೆಂದೇ ಹೇಳಬೇಕು.

ಬೇವಿನ ಪ್ರಕರಣವು ಇದೇ ಪ್ರಶ್ನೆಯ ಇನ್ನೊಂದು ಮುಖ. ಅದು ಗಾಯದ ಮದ್ದಲ್ಲ, ಬೆಳೆಗೆ ಬರುವ ಬೂಷ್ಟನ್ನು ಬೇವಿನ ಎಣ್ಣೆಯಿಂದ ತಡೆಯುವ ವಿಧಾನ. ಅಮೆರಿಕೆಯ ಕೃಷಿ ಇಲಾಖೆಗೂ ಡಬ್ಲ್ಯು.ಆರ್. ಗ್ರೇಸ್ ಕಂಪನಿಗೂ ಸೇರಿ ಐರೋಪ್ಯ ಪೇಟೆಂಟು ಕಚೇರಿಯು 1994ರಲ್ಲಿ ಅದನ್ನು ಮಂಜೂರು ಮಾಡಿತ್ತು. ಗ್ರೇಸ್ ಕಂಪನಿಗೆ ಕರ್ನಾಟಕದ ನಂಟೂ ಇದ್ದಿತು, ಬೆಂಗಳೂರಿನ ಪಿ.ಜೆ. ಮಾರ್ಗೊ ಸಂಸ್ಥೆಯೊಡನೆ ಸೇರಿ ಅದು ತುಮಕೂರಿನಲ್ಲಿ ಬೇವಿನ ಬೀಜ ಸಂಸ್ಕರಿಸುವ ಘಟಕವನ್ನು ನಡೆಸಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಮುಂದಾಳುತನದ ರೈತಸಂಘವು ಡಂಕೆಲ್ ಪ್ರಸ್ತಾವದ ವಿರುದ್ಧ ಬೀದಿಗಿಳಿದ ಕಾಲವೂ ಅದೇ. ವಂದನಾ ಶಿವ, ಐರೋಪ್ಯ ಸಂಸತ್ತಿನ ಹಸಿರು ಗುಂಪಿನ ಮಾಗ್ಡಾ ಆಲ್ವೋಯೆಟ್ ಮತ್ತು ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟ ಇವರು 1995ರಲ್ಲಿ ಆಕ್ಷೇಪಣೆ ಸಲ್ಲಿಸಿದರು.

ಯುರೋಪಿನ ಕಾನೂನು ಮೌಖಿಕ ವಿವರಣೆಯನ್ನೂ ಬಳಕೆಯನ್ನೂ ಪೂರ್ವಜ್ಞಾನವೆಂದು ಮೊದಲಿನಿಂದಲೂ ಒಪ್ಪುತ್ತದೆ. ಆದರೂ 2000ದ ಮೇ ತಿಂಗಳಿನಲ್ಲಿ ಪೇಟೆಂಟು ರದ್ದಾದಾಗ ಹೆಚ್ಚು ತೂಗಿದ್ದು ತಲೆಮಾರುಗಳ ರೈತರ ರೂಢಿಯಲ್ಲ. ಭಾರತದ ಉದ್ಯಮಿಯೊಬ್ಬರು 1985 ಮತ್ತು 1986ರಲ್ಲಿ ಪುಣೆ ಹಾಗೂ ಸಾಂಗಲಿ ಜಿಲ್ಲೆಗಳ ಹೊಲಗಳಲ್ಲಿ ಅಂಥದೇ ಬೇವಿನ ಸಾರವನ್ನು ಪ್ರಯೋಗಿಸಿದ್ದರೆಂಬ ಸಾಕ್ಷ್ಯ ಅಲ್ಲಿ ನಿರ್ಣಾಯಕವಾಯಿತು. ಮೇಲ್ಮನವಿಯು 2005ರ ಮಾರ್ಚ್ 8ರಂದು ವಜಾ ಆಯಿತು. ಸಾಂಗಲಿ ನಮ್ಮ ವಿಜಯಪುರ ಜಿಲ್ಲೆಯ ನೆರೆಯದು. ಅರಿಷಿಣದ ಪೇಟೆಗೆ ಹೆಸರಾದ ಊರು. ಗಡಿಯ ಈಚೆಗೂ ಬೇವಿನ ಹಿಂಡಿ ಹೊಲಕ್ಕೆ ಬೀಳುತ್ತಲೇ ಇತ್ತು. ದಿನಾಂಕವಿರಲಿಲ್ಲ, ಅಷ್ಟೇ.

ಈ ಎರಡು ವಿವಾದಗಳ ಬಿಸಿಯಲ್ಲಿಯೇ ನಮ್ಮ ದೇಶದ ಕಾನೂನೂ ತಿದ್ದುಪಡಿಯಾಯಿತು. 2002ರಲ್ಲಿ ಅಂಗೀಕೃತವಾಗಿ 2003ರ ಮೇ 20ರಿಂದ ಜಾರಿಗೆ ಬಂದ ಪೇಟೆಂಟು ತಿದ್ದುಪಡಿ ಕಾಯಿದೆಯು, ಪರಂಪರಾಗತ ಜ್ಞಾನವೇ ಆಗಿರುವುದನ್ನೂ ಪರಂಪರೆಯಿಂದ ತಿಳಿದ ವಸ್ತುಗಳ ಗುಣಗಳನ್ನು ಬರಿದೇ ಒಟ್ಟುಗೂಡಿಸುವುದನ್ನೂ ಶೋಧವಲ್ಲವೆಂದು 3(ಪಿ) ಕಲಮಿನಲ್ಲಿ ಸಾರಿತು. ಸ್ಥಳೀಯ ಸಮುದಾಯದಲ್ಲಿ ಮೌಖಿಕವಾಗಿ ಇರುವ ತಿಳಿವಳಿಕೆಯನ್ನು ಆಧರಿಸಿ ಆಕ್ಷೇಪಣೆ ಎತ್ತಲು 25ನೆಯ ಕಲಮಿನಲ್ಲಿ ಅವಕಾಶ ಕಲ್ಪಿತವಾಯಿತು. ‘ಮೌಖಿಕ’ ಎಂಬ ಮಾತು ಪೇಟೆಂಟು ಕಾಯಿದೆಯೊಳಗೆ ಬಂದದ್ದು ಜಾನಪದ ವಿದ್ವಾಂಸರ ಗಮನಕ್ಕೆ ಇನ್ನೂ ಸಾಕಷ್ಟು ಬಂದಂತಿಲ್ಲ. 2001ರಲ್ಲಿ ಆರಂಭವಾದ ಪರಂಪರಾಗತ ಜ್ಞಾನದ ಡಿಜಿಟಲ್ ಗ್ರಂಥಾಲಯವು ಆಯುರ್ವೇದ, ಯುನಾನಿ, ಸಿದ್ಧ ಮತ್ತು ಯೋಗ ಗ್ರಂಥಗಳ ಸಾಮಗ್ರಿಯನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನೀ ಭಾಷೆಗಳಿಗೆ ತಂದು, 2009ರಿಂದ ಹೊರದೇಶದ ಪೇಟೆಂಟು ಪರೀಕ್ಷಕರಿಗೆ ಒದಗಿಸುತ್ತ ಬಂದಿದೆ. ಅದರ ಮೂಲಭಾಷೆಗಳು ಸಂಸ್ಕೃತ, ಹಿಂದಿ, ಅರಬ್ಬಿ, ಪಾರ್ಸಿ, ಉರ್ದು ಮತ್ತು ತಮಿಳು. ಕನ್ನಡದ ಹೆಸರಿಲ್ಲ. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’, ಕೀರ್ತಿವರ್ಮನ ‘ಗೋವೈದ್ಯ’, ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಮಂಗರಾಜನ ‘ಖಗೇಂದ್ರಮಣಿದರ್ಪಣ’, ಇಷ್ಟು ಗ್ರಂಥಗಳುಳ್ಳ ಭಾಷೆಗೆ ಇದು ಸಲ್ಲದ ಉಪೇಕ್ಷೆ. ಆ ಗ್ರಂಥಗಳನ್ನು ಸಾಹಿತ್ಯಚರಿತ್ರೆಯ ಪರೀಕ್ಷೆಗಾಗಿ ಓದಿದ ನಾವು ಅವನ್ನು ವೈದ್ಯದ ಆಕರಗಳಾಗಿ ಮಂಡಿಸಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಜಾನಪದದ ಹೊಣೆಯೂ ಇಲ್ಲಿದೆ. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಹಾಡುಗಳನ್ನು ಕೂಡಿಹಾಕಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ‘ಮಲ್ಲಿಗೆ ದಂಡೆ’ ಬಂದವು. ಬಾಯಿಮಾತು ಅಚ್ಚಾಗುವ ಕೆಲಸ ಈ ಸೀಮೆಯಲ್ಲಿ ಅಷ್ಟು ಬೇಗ ಆರಂಭವಾಗಿತ್ತು. ಹಾಡಿಗೆ ದೊರೆತ ಈ ಮಾನ ಮದ್ದಿಗೆ ದೊರೆಯಲಿಲ್ಲ. ಅನಂತರದ ವಿಶ್ವವಿದ್ಯಾಲಯಗಳ ಸಂಶೋಧನೆಯಲ್ಲಿಯೂ ಗೀತ, ಕಥನ, ಬಯಲಾಟಗಳಿಗೆ ಒಂದು ಗ್ರಂಥಭಂಡಾರವೇ ಬೆಳೆದರೆ, ಜನಪದ ವೈದ್ಯಕ್ಕೆ ಬಹುಮಟ್ಟಿಗೆ ಕೊನೆಯ ಅಧ್ಯಾಯವೊಂದೇ ಗತಿಯಾಯಿತು. ಆ ಅಧ್ಯಾಯಗಳಲ್ಲಿಯೂ ಗಿಡದ ಹೆಸರು ಇರುತ್ತದೆ. ಎಷ್ಟು, ಹೇಗೆ, ಪುಡಿಯೋ ಲೇಪವೋ, ಯಾವ ಬಟ್ಟೆಯಿಂದ ಕಟ್ಟುವುದು, ಎಷ್ಟು ದಿನ ಎಂಬುದು ಇರುವುದಿಲ್ಲ. ಸಹಜಗ್ರಾಹ್ಯತೆಯ ವಿವಾದಗಳು ತೀರ್ಮಾನವಾಗುವುದು ಇಂಥ ವಿವರಗಳ ಮೇಲೆಯೇ.

ಹೀಗೆ ಹೇಳುವಾಗ ಎರಡು ಎಚ್ಚರಿಕೆಗಳು ಅವಶ್ಯ. ಒಂದು ಮದ್ದು ಹಳೆಯದೆಂಬುದು ಅದು ಫಲಕಾರಿಯೆಂಬುದಕ್ಕೆ ಪ್ರಮಾಣವಾಗದು. ಅರಿಷಿಣದ ಕರ್ಕ್ಯುಮಿನ್ ಅಂಶವು ಅಸ್ಥಿರವಾದದ್ದೆಂದೂ ದೇಹಕ್ಕೆ ಸುಲಭವಾಗಿ ದಕ್ಕದೆಂದೂ 2017ರಲ್ಲಿ ಔಷಧ ರಸಾಯನಶಾಸ್ತ್ರದ ಪತ್ರಿಕೆಯೊಂದರಲ್ಲಿ ಬಂದ ವಿಸ್ತೃತ ಸಮೀಕ್ಷೆ ಹೇಳಿದೆ. ಹೊಕ್ಕಳಬಳ್ಳಿಗೆ ಸಿಕ್ಕಿದ್ದನ್ನು ಹಚ್ಚಿ ಧನುರ್ವಾಯುವಿಗೆ ಕೂಸುಗಳು ಬಲಿಯಾದದ್ದೂ ನಮ್ಮ ಪರಂಪರೆಯ ಭಾಗವೇ. ಎರಡನೆಯದು, ದಾಖಲೆಯು ಎರಡು ಕಡೆಗೆ ಹರಿತವುಳ್ಳ ಕತ್ತಿ. ಅಚ್ಚಾದ ತಿಳಿವಳಿಕೆಯು ಅನ್ಯರ ಪೇಟೆಂಟನ್ನು ತಡೆಯುತ್ತದೆ, ಜೊತೆಗೆ ಅದನ್ನು ಹೇಳಿದವರ ಕೈಯಿಂದ ತಪ್ಪಿಯೂ ಹೋಗುತ್ತದೆ. ಜೀವವೈವಿಧ್ಯ ಕಾಯಿದೆಗೆ 2023ರಲ್ಲಿ ಆದ ತಿದ್ದುಪಡಿಯು ಗ್ರಂಥಸ್ಥ ಪರಂಪರಾಗತ ಜ್ಞಾನದ ಬಳಕೆಗೆ ಲಾಭಹಂಚಿಕೆಯಿಂದ ವಿನಾಯಿತಿ ನೀಡಿದೆ. ಬರೆಯದಿದ್ದರೆ ಸಾಕ್ಷಿಯಿಲ್ಲ, ಬರೆದು ಗ್ರಂಥಸ್ಥವೆನಿಸಿದರೆ ಪಾಲು ಸಿಗುವ ಭರವಸೆಯಿಲ್ಲ. 2002ರ ಮೂಲ ಕಾಯಿದೆಯಡಿ ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ಸಿದ್ಧವಾಗಬೇಕಾದ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಈ ಇಕ್ಕಟ್ಟಿಗೆ ಒಂದು ದಾರಿಯಿದೆ ಎಂದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ತಿಳಿವಳಿಕೆಯೊಡನೆ ಅದನ್ನು ಹೇಳಿದ ಸಮುದಾಯದ ಹೆಸರೂ ಉಳಿಯುತ್ತದೆ. ಅದನ್ನು ತುಂಬುವವರು ಮಾತು ಕೇಳಿ ಬರೆಯುವ ತರಬೇತಿ ಪಡೆದವರಾಗಿರಬೇಕು.

ನನ್ನ ಸ್ವಂತ ಲೋಪವನ್ನೂ ಇಲ್ಲಿ ನಮೂದಿಸಬೇಕು. ಡಾಕ್ಟರೇಟಿನ ಕ್ಷೇತ್ರಕಾರ್ಯಕ್ಕೆಂದು 2004ರಲ್ಲಿ ಈ ಸೀಮೆಯ ಹಳ್ಳಿಗಳಲ್ಲಿ ಸೋಬಾನೆ ಪದಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದಾಗ, ಹಾಡಿನ ನಡುವೆ ಮುದುಕಿಯರು ಮದ್ದಿನ ಮಾತೆತ್ತಿದರೆ ಕ್ಯಾಸೆಟ್ಟು ಉಳಿಸಲು ಯಂತ್ರವನ್ನು ನಿಲ್ಲಿಸುತ್ತಿದ್ದೆ. ಒಂದು ಸಲ ಮಾತ್ರ ನಿಲ್ಲಿಸಲು ಮರೆತೆ. ಈಚೆಗೆ ಆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ವರ್ಗಾಯಿಸುವಾಗ ಎರಡು ಹಾಡುಗಳ ನಡುವೆ ಒಂದೆರಡು ನಿಮಿಷಗಳ ಮಾತು ಕೇಳಿಬಂದಿತು. ಇದನ್ನೇನು ಕೇಳುತ್ತೀ ತಮ್ಮಾ ಎಂದು ನಗುತ್ತಲೇ ಆ ಹಿರಿಯಳು, ರಕ್ತ ಹರಿಯುತ್ತಿರುವ ಹಸಿ ಗಾಯಕ್ಕೆ ಒಣ ಅರಿಷಿಣ, ಮೂರು ದಿನ ದಾಟಿ ಒಸರತೊಡಗಿದರೆ ಎಣ್ಣೆಯಲ್ಲಿ ಕಲಸಿದ್ದು, ಹಸಿಯದರ ಮೇಲೆ ಎಣ್ಣೆ ಬಿಟ್ಟರೆ ನಿಲ್ಲುವುದಿಲ್ಲ ಎಂದು ಹೇಳುತ್ತಾಳೆ. ಪುಡಿಗೂ ಲೇಪಕ್ಕೂ ಬೇರೆ ಬೇರೆ ಕೆಲಸವಿದೆ, ಎರಡೂ ಗಾಯಕ್ಕೇ ಸಲ್ಲುತ್ತವೆ ಎಂಬುದನ್ನು ಅಮೆರಿಕೆಯ ಪರೀಕ್ಷಕರಿಗೆ ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗುತ್ತಿರಲಿಲ್ಲ. ಆದರೆ ಪೇಟೆಂಟಿನ ಅರ್ಜಿ 1993ರದು, ಕ್ಯಾಸೆಟ್ಟಿನ ಮೇಲೆ ನಾನೇ ಬರೆದ ದಿನಾಂಕ 2004ರದು. ಅದರ ಹೊದಿಕೆಯ ಮೇಲೆ ನಾನು ಗುರುತು ಹಾಕಿದ್ದು ‘ಸೋಬಾನೆ’ ಎಂದಷ್ಟೇ.